ಲೆಕ್ಕಕ್ಕೆ ಬಾರದ ಬಲಗಾಲು

ಕಳೆದ ಭಾನುವಾರ ಮಧ್ಯಾಹ್ನ ಮಲಾಡಿನ ಒಂದು ಬಿಲ್ಡಿಂಗಿನ ಪ್ಯಾಸೇಜಿನಲ್ಲಿ, ರಾಶಿ ಬಿದ್ದ ಚಪ್ಪಲಿಗಳ ನಡುವೆ, ನಾನು ಮತ್ತು ನನ್ನ ಅಕ್ಕನ ಮಗಳು ನಿಂತಿದ್ದೆವು. ಆ ಚಪ್ಪಲಿಗಳ ಮಾಲೀಕರೆಲ್ಲ ಒಳಗೆ ಮನೆ ನೋಡುತ್ತಿದ್ದರು. ಬಾಗಿಲು ತೆರೆದೇ ಇತ್ತು. ನಾವಿಬ್ಬರೂ ಕಾಲೊರೆಸುವ ಮ್ಯಾಟಿನ ಆಚೆ.

ಮನೆ ಯಾರದ್ದು ಅಂತೀರಾ? ಹೊರಗೆ ನಿಂತವಳದ್ದು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನ್ನ ಅಕ್ಕ ಜಯಂತಿಯ ಮಗಳು ನಿಶ್ಮಿತಾ. ಪರೇಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಭಾವ ಕುರ್ಲಾದಲ್ಲಿ ಹೋಟೆಲ್ ಮ್ಯಾನೇಜರು, ಉಡುಪಿ ಕಡೆಯವರು. ನಿಶ್ಮಿತಾ ಹುಟ್ಟಿ ಬೆಳೆದದ್ದೆಲ್ಲ ಕುರ್ಲಾದಲ್ಲೇ. ಹುಡುಗ ವಿನಾಯಕ, ಧಾರವಾಡದ ಕಡೆಯವನು, ಅಂಧೇರಿಯಲ್ಲಿ ಆಫೀಸು. ಇಬ್ಬರೂ ಲೋಕಲ್ ಟ್ರೇನಿನ ಪರಿಚಯದಿಂದ ಶುರುಮಾಡಿ ಎಂಗೇಜ್‌ಮೆಂಟ್‌ವರೆಗೆ ಬಂದವರು. ಮುಂದಿನ ತಿಂಗಳು ಮದುವೆ. ಮದುವೆಯಾದ ಮೇಲೆ ಇರಲಿಕ್ಕೆಂದು ಮಲಾಡಿನಲ್ಲಿ ಒಂದು ಒನ್ ಬಿಎಚ್‌ಕೆ ಬಾಡಿಗೆಗೆ ಹಿಡಿದಿದ್ದಾರೆ. ಕರಾರಿನಲ್ಲಿ ಇಬ್ಬರ ಹೆಸರೂ ಇದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಉಳಿದವರೆಲ್ಲ ಮರೆತಿದ್ದಾರೆ.

ಮನೆ ಸಿಕ್ಕಿದ ದಿನವೇ ಸೊಸೈಟಿಯ ಸೆಕ್ರೆಟರಿ ಕೇಳಿದರಂತೆ: "ಶಾದೀ ಹೋ ಗಯೀ?" ಇಲ್ಲ, ಎಂಗೇಜ್‌ಮೆಂಟ್ ಆಗಿದೆ ಎಂದರು ಇವರು. ಹಾಗಾದರೆ ಮದುವೆವರೆಗೆ ರಾತ್ರಿ ಉಳಿಯುವ ಹಾಗಿಲ್ಲ, ಹಗಲು ಇಬ್ಬರೇ ಇದ್ದಾಗ ಬಾಗಿಲು ತೆರೆದಿರಬೇಕು ಎಂದು ಅಪ್ಪಣೆಯಾಯಿತು. (ಆ ಬಿಲ್ಡಿಂಗಿನ ಲಿಫ್ಟಿನ ಬಾಗಿಲು ನೆಟ್ಟಗೆ ಮುಚ್ಚುವುದಿಲ್ಲ. ಅದರ ಚಿಂತೆ ಸೆಕ್ರೆಟರಿಗಿಲ್ಲ. ಮುಚ್ಚಬಾರದ ಬಾಗಿಲಿನ ಮೇಲೆ ಮಾತ್ರ ಅವರ ಕಣ್ಣು.)

ನಾನು ಅಲ್ಲೇ ಎರಡು ರಸ್ತೆ ಆಚೆ ಇರುವವಳು. ಹಾಗಾಗಿ ಕಾವಲಿನ ಕೆಲಸ ನನ್ನ ಪಾಲಿಗೆ ಬಂತು. ರಜೆಯ ದಿನ ನಿಶ್ಮಿತಾ ಬಂದಾಗಲೆಲ್ಲ ನಾನೂ ಹೋಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕಾವಲು ಕಾಯುವಂಥದ್ದು ಅಲ್ಲಿ ಏನೂ ನಡೆಯಲಿಲ್ಲ. ನಡೆದದ್ದೆಲ್ಲ ಬರೀ ಕೆಲಸ.

ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಅಡುಗೆಮನೆಯ ಜಿಡ್ಡು ನೀವು ನೋಡಬೇಕಿತ್ತು. ಟೈಲ್ಸ್ ಯಾವ ಬಣ್ಣದ್ದು ಎಂದು ಗೊತ್ತಾಗಲು ಇಡೀ ಒಂದು ಭಾನುವಾರ ಹಿಡಿಯಿತು. ಹುಡುಗಿ ತಲೆಗೆ ದುಪಟ್ಟಾ ಸುತ್ತಿಕೊಂಡು, ಸ್ಟೂಲ್ ಮೇಲೆ ನಿಂತು, ಚೂರಿಯಿಂದ ಆ ಜಿಡ್ಡು ಕೆರೆದು ತೆಗೆದಳು. ಟಾಯ್ಲೆಟ್ ತೊಳೆದಳು. ಬಡಗಿಯ ಹತ್ತಿರ ಜಗಳ ಮಾಡಿ ಬೆಡ್‌ರೂಮಿನ ಕಪಾಟನ್ನು ಎರಡೆರಡು ಸಲ ಬಿಚ್ಚಿಸಿ ಸರಿ ಮಾಡಿಸಿದಳು. ಯಾವ ಸ್ವಿಚ್ಚು ಎಲ್ಲಿಯದು, ಯಾವ ಕಿಟಕಿ ಸಿಕ್ಕಿಹಾಕಿಕೊಳ್ಳುತ್ತದೆ, ನೀರು ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಅವಳಿಗೇ ಗೊತ್ತು. ಮೆಲ್ಲಗೆ ಆ ಡಬ್ಬಿಯಂಥ ಜಾಗ ಮನೆಯ ಹಾಗೆ ಕಾಣಲು ಶುರುವಾಯಿತು.

ವಿನಾಯಕ ಏನು ಮಾಡುತ್ತಿದ್ದ? ಮದುವೆಯ ಪ್ಲ್ಯಾನಿಂಗ್! ಈಗಿನ ಮದುವೆಗಳು ನಿಮಗೆ ಗೊತ್ತೇ ಇವೆ. ಹಳದಿ ಶಾಸ್ತ್ರಕ್ಕೆ ಎಲ್ಲರೂ ಹಳದಿ ಬಟ್ಟೆ, ಅದರಲ್ಲೂ ಯಾವ ಹಳದಿ ಎನ್ನುವುದಕ್ಕೆ ಒಂದು ವಾಟ್ಸ್‌ಆ್ಯಪ್ ಗುಂಪು. ಬೀಚಿನಲ್ಲಿ ಫೋಟೊ ಶೂಟ್. ಇಬ್ಬರ ಹೆಸರನ್ನೂ ಅರ್ಧರ್ಧ ಕತ್ತರಿಸಿ ಜೋಡಿಸಿದ ಹ್ಯಾಶ್‌ಟ್ಯಾಗ್. ಇವಳು ಬಚ್ಚಲಿನ ಪೈಪ್‌ನಿಂದ ಯಾರದ್ದೋ ಕೂದಲಿನ ಉಂಡೆ ಎಳೆದು ತೆಗೆಯುವಾಗ ಅವನು ಮೊಬೈಲಿನಲ್ಲಿ ಎರಡು ಕುರ್ತಾಗಳ ಚಿತ್ರ ತೋರಿಸಿ, "ನಿಶು, ಮಸ್ಟರ್ಡ್ ಯಾ ಲೆಮನ್?" ಎಂದು ಕೇಳಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ದಿನದ ಬಟ್ಟೆಗೆ ಇಷ್ಟು ತಲೆ ಓಡಿಸುವವರು ಮುಂದಿನ ಸಾವಿರಾರು ದಿನಗಳ ಬಚ್ಚಲಿನ ಬಗ್ಗೆ ಯಾಕೆ ಯೋಚಿಸುವುದಿಲ್ಲ?

ಇರಲಿ. ಅಷ್ಟರಲ್ಲಿ ಲಗ್ನಪತ್ರಿಕೆಗೆ ಪೂಜೆಯಾಯಿತು. ಮರುದಿನವೇ ಡೊಂಬಿವಿಲಿಯಿಂದ ವಿನಾಯಕನ ತಾಯಿ ಸುಮಿತ್ರಾಬಾಯಿಯ ಫೋನ್. ಧಾರವಾಡ ಬಿಟ್ಟು ಎಷ್ಟೋ ವರ್ಷವಾದರೂ ಈ ಹೆಂಗಸು ತನ್ನ ಮಾತಿನ ಧಾಟಿ ಬಿಟ್ಟಿಲ್ಲ. ಅವರ ಬಗ್ಗೆ ನನಗಿರುವ ಮೆಚ್ಚುಗೆ ಅಲ್ಲಿಗೆ ಮುಗಿಯಿತು.

"ಇನ್ನ ಮದಿವಿ ಆಗೂತನಕ ನಿಶ್ಮಿತಾ ಆ ಮನ್ಯಾಗ ಕಾಲ ಇಡೂದು ಬ್ಯಾಡ್ರಿ. ಸೊಸಿ ಅಂದ್ರ ಲಕ್ಷ್ಮಿ. ಅಕ್ಕಿ ತುಂಬಿದ ಸೇರು ಒದ್ದು, ಬಲಗಾಲ ಇಟ್ಟು ಒಳಗ ಬರಬೇಕು. ಅದಕಿಂತ ಮೊದಲ ಹೊಸ್ತಿಲ ದಾಟಿದ್ರ ನಮ್ಮ ಕಡೆ ಛಲೋ ಅಲ್ಲ ಅಂತಾರ."

ನನ್ನ ಅಕ್ಕ ಏನೆಂದಳು? ನೀವು ಊಹಿಸಿದ್ದು ಸರಿ. "ಆಯ್ತು, ಆಯ್ತು. ನೀವು ಹೇಳಿದ ಹಾಗೆ" ಎಂದಳು. ಅದೇ ಅಕ್ಕ ಕುರ್ಲಾ ಮಾರ್ಕೆಟಿನಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಅರ್ಧ ಗಂಟೆ ಚೌಕಾಸಿ ಮಾಡುವವಳು. ಬೀಗರ ಫೋನ್ ಬಂದರೆ ಮಾತ್ರ ಬಾಯಿಗೆ ಬೀಗ.

ನಾನು ಕೇಳಿದೆ, "ಇಷ್ಟು ದಿನ ಆ ಮನೆಯಲ್ಲಿ ಟಾಯ್ಲೆಟ್ ತೊಳೆದದ್ದು ಯಾರಂತೆ?"

"ನೀನು ಸುಮ್ಮನಿರು ಮಾರಾಯ್ತಿ. ಹುಡುಗನ ಕಡೆಯವರು ಹೇಳಿದ ಮೇಲೆ ಎಂತ ಮಾಡ್ಲಿಕ್ಕುಂಟು? ಮದುವೆ ಹತ್ತಿರ ಬಂದಿದೆ."

ನಿಶ್ಮಿತಾ ವಿನಾಯಕನಿಗೆ ಫೋನ್ ಮಾಡಿದಳು. ನನ್ನ ಎದುರೇ ಮಾಡಿದಳು, ಸ್ಪೀಕರ್ ಹಾಕಿ. ಆ ಮಹಾಶಯ ಹೇಳಿದ್ದಿಷ್ಟು: "ಯಾರ್, ಥೋಡಾ ಅಡ್ಜಸ್ಟ್ ಕರ್ ಲೇ. ಅವ್ವಾಗ ಯಾಕ ಬ್ಯಾಸರಾ ಮಾಡೂದು? ಒಂದ ತಿಂಗಳ ಮಾತು."

ಅಡ್ಜಸ್ಟ್! ನಮ್ಮ ಮುಂಬಯಿಯಲ್ಲಿ ಈ ಶಬ್ದಕ್ಕೆ ಭಾರಿ ಮರ್ಯಾದೆ. ಲೋಕಲ್ ಟ್ರೇನಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳು ಕೂರುವುದಕ್ಕೆ ಹೇಳುವ ಮಾತು ಅದು. ಅಲ್ಲಿ ನಾಲ್ವರೂ ಸ್ವಲ್ಪ ಸ್ವಲ್ಪ ಸರಿಯುತ್ತಾರೆ. ಮದುವೆ ಮಾತುಕತೆಯಲ್ಲಿ ಹಾಗಲ್ಲ. ಒಬ್ಬಳು ಎದ್ದು ನಿಲ್ಲಬೇಕು, ಉಳಿದವರು ಕಾಲು ಚಾಚಿ ಕೂರಬೇಕು.

ಫೋನ್ ಇಟ್ಟ ನಿಶ್ಮಿತಾ ನನ್ನನ್ನು ನೋಡಿ, "ಚಿಕ್ಕಮ್ಮ, ಮನೆ ರೆಡಿ ಆಗ್ತಾ ಉಂಟು ಅಂದ್ಕೊಂಡಿದ್ದೆ. ಮೇನ್ ಚೀಜ್ ಹೀ ರೆಡಿ ಇಲ್ಲ" ಎಂದಳು. ಕಪಾಟಿನ ಬಗ್ಗೆ ಅಲ್ಲ, ವಿನಾಯಕನ ಬಗ್ಗೆ ಎಂದು ತಿಳಿಯಲು ನನಗೆ ಕಷ್ಟವಾಗಲಿಲ್ಲ. ಈ ಮದುವೆ ಆಗಬೇಕೋ ಬೇಡವೋ ಎಂಬ ಪ್ರಶ್ನೆ ಆವತ್ತೇ ಅವಳ ತಲೆಯೊಳಗೆ ಬಂದು ಕೂತಿತ್ತು. ಅವಳ ಕಣ್ಣು ತುಂಬಿತ್ತು. ಆ ಹುಡುಗಿ ಸುಲಭಕ್ಕೆ ಅಳುವವಳಲ್ಲ.

ಇಷ್ಟಾದ ಮೇಲೆ ಬಂತು ಕಳೆದ ಭಾನುವಾರ. ಹುಡುಗನ ಕಡೆಯ ಬಂಧುಗಳಿಗೆ ಮನೆ ನೋಡಬೇಕಂತೆ. ಹುಡುಗಿಯ ಕಡೆಯವರೂ ಬರಬೇಕಂತೆ. ಹುಡುಗಿ? ಅವಳೂ ಬರಬೇಕು, ಬೀಗರಿಗೆ ಮುಖ ತೋರಿಸಬೇಕು. ಆದರೆ ಹೊಸ್ತಿಲ ಆಚೆ! ಇಂಥ ವ್ಯವಸ್ಥೆ ಯಾರ ತಲೆಗೆ ಹೊಳೆಯಿತೋ ನನಗೆ ತಿಳಿಯದು. ಹೊಳೆದವರಿಗೆ ಅದರಲ್ಲಿ ತಮಾಷೆ ಕಾಣಲಿಲ್ಲ ಎನ್ನುವುದೇ ದೊಡ್ಡ ತಮಾಷೆ.

ನಿಶ್ಮಿತಾ ಬಂದಳು. ಒಳ್ಳೆಯ ರೇಷ್ಮೆ ಕುರ್ತಾ ಹಾಕಿಕೊಂಡು ಮ್ಯಾಟಿನ ಆಚೆ ನಿಂತಳು. ನಾನೂ ಅವಳ ಜೊತೆ ನಿಂತೆ. ಎದುರು ಫ್ಲ್ಯಾಟಿನ ಗುಜರಾತಿ ಹೆಂಗಸು ಬಾಗಿಲು ತೆರೆದು, "ಅರೇ, ಅಂದರ್ ಕ್ಯೂಂ ನಹೀ ಜಾತೀ?" ಎಂದು ಕೇಳಿದರು. ಒಳಗೆ ಯಾಕೆ ಹೋಗುವುದಿಲ್ಲ ಎಂದರೆ ಏನು ಹೇಳುವುದು? ಈಕೆ ಲಕ್ಷ್ಮಿ, ಇನ್ನೂ ಟೈಮ್ ಆಗಿಲ್ಲ ಎಂದು ಹೇಳುವುದೇ?

ಒಳಗೆ ಸುಮಿತ್ರಾಬಾಯಿ ಆ ದಿನದ ಮುಖ್ಯ ಅತಿಥಿಯನ್ನು ಚೀಲದಿಂದ ಹೊರತೆಗೆದರು. ಹಿತ್ತಾಳೆಯ ಸೇರು. ಧಾರವಾಡದಿಂದ ತರಿಸಿದ್ದು, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದು. ಅದನ್ನು ಅಡುಗೆ ಕಟ್ಟೆಯ ಮೇಲಿಟ್ಟು ಎಲ್ಲರಿಗೂ ತೋರಿಸಿದರು. (ಆ ಕಟ್ಟೆಯನ್ನು ತಿಕ್ಕಿ ಫಳಫಳ ಮಾಡಿದ್ದು ಯಾರು ಎಂದು ಯಾರೂ ಕೇಳಲಿಲ್ಲ.)

ವಿನಾಯಕ ಗೈಡ್ ಆಗಿದ್ದ. ಮ್ಯೂಸಿಯಂ ತೋರಿಸುವ ಹಾಗೆ ಕೈ ಚಾಚಿ ಚಾಚಿ ತೋರಿಸುತ್ತಿದ್ದ. "ಈ ಕಪಾಟು ಮಾಡ್ಸಿದ್ವಿ. ಈ ಪರದೆ ಹಾಕ್ಸಿದ್ವಿ." ಆ "ವಿ" ಎಂಬ ಬಹುವಚನದ ಅರ್ಧ ಭಾಗ ಚಪ್ಪಲಿಗಳ ಮಧ್ಯೆ ನಿಂತಿತ್ತು.

ಆಗ ಶುರುವಾಯಿತು ನೋಡಿ. ಒಳಗಿನಿಂದ ಒಬ್ಬೊಬ್ಬರದೇ ಕೂಗು.

"ನಿಶು, ಗೀಸರ್ ಕಾ ಸ್ವಿಚ್ ಕೌನ್‌ಸಾ?"

"ಹೊರಗಿನ ಬೋರ್ಡ್, ಲೆಫ್ಟಿನಿಂದ ಎರಡನೇದು!" ಇವಳು ಹೊರಗಿನಿಂದ.

"ಕಿಟಕಿ ತೆಗೀಲಿಕ್ಕೆ ಬರ್ತಿಲ್ಲ ಮಗಾ!" ಇದು ನನ್ನ ಅಕ್ಕ.

"ಕೆಳಗಿಂದ ಎತ್ತಿ ತಳ್ಬೇಕು ಅಮ್ಮ!"

ಹೀಗೆ ಲಕ್ಷ್ಮಿಯು ಹೊಸ್ತಿಲ ಆಚೆ ನಿಂತು ಗಂಟಲು ಹರಿದುಕೊಂಡು ಮನೆ ನಡೆಸುತ್ತಿದ್ದಳು. ನಾನು ನಕ್ಕೆ. ಅವಳು ನಗಲಿಲ್ಲ.

ಈಗ ಒಂದು ನಲ್ಲಿಯ ವಿಷಯ ಹೇಳಬೇಕು. ಬೆಡ್‌ರೂಮಿಗೆ ಅಂಟಿಕೊಂಡ ಪುಟ್ಟ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್‌ಗೆಂದು ಒಂದು ನಲ್ಲಿ ಇದೆ. ಮೆಷಿನ್ ಇನ್ನೂ ಬಂದಿಲ್ಲ. ಆ ನಲ್ಲಿ ಹಾಳಾಗಿದೆ. ತಿರುಗಿಸಿದರೆ ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚುವುದಿಲ್ಲ, ಸುಮ್ಮನೆ ಗರಗರ ಸುತ್ತುತ್ತದೆ. ರಿಪೇರಿಗೆ ಹೇಳಿದ್ದಾಗಿತ್ತು. ಅಷ್ಟರಲ್ಲಿ ಇವಳಿಗೆ ಮನೆಗೆ ಪ್ರವೇಶ ಬಂದ್ ಆಯಿತಲ್ಲ? ಅದಕ್ಕೂ ಮೊದಲೇ, ಯಾರೂ ಮುಟ್ಟದಿರಲಿ ಎಂದು ನಲ್ಲಿಗೆ ಒಂದು ಕೆಂಪು ರಿಬ್ಬನ್ ಬಿಗಿದು ಕಟ್ಟಿದ್ದಳು.

ವಿನಾಯಕನ ಕಾಕಾ ಅಲ್ಲಿಗೆ ಹೋದರು. ರಿಬ್ಬನ್ ನೋಡಿದರು. ಹೊಸ ಮನೆ, ಕೆಂಪು ರಿಬ್ಬನ್! ಉದ್ಘಾಟನೆಗೆ ಇರಬೇಕು ಎಂದುಕೊಂಡರು. (ಇದು ನನ್ನ ಕಲ್ಪನೆಯಲ್ಲ, ಆಮೇಲೆ ಅವರೇ ಹೇಳಿದ್ದು.) ಬಿಚ್ಚಿ, ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಆ ಬಿಲ್ಡಿಂಗಿನಲ್ಲಿ ಮಧ್ಯಾಹ್ನ ಪಂಪ್ ಹಾಕುವವರೆಗೆ ನೀರಿಲ್ಲ. "ಏ, ನೀರ ಇಲ್ಲೋ ನಿಮ್ಮ ಮನ್ಯಾಗ" ಎಂದು ಹೇಳಿ, ಹಾಗೇ ಬಿಟ್ಟು, ಹಾಲ್‌ಗೆ ಬಂದು ಚಕ್ಕುಲಿ ತಿನ್ನತೊಡಗಿದರು.

ಪಂಪ್ ಶುರುವಾಯಿತು.

ಮೊದಲು ಯಾರಿಗೂ ಗೊತ್ತಾಗಲಿಲ್ಲ. ಹಾಲ್‌ನಲ್ಲಿ ಎಲ್ಲರೂ ಗಂಭೀರ ಚರ್ಚೆಯಲ್ಲಿದ್ದರು. ಗ್ರೈಂಡರ್ ಎಲ್ಲಿಡುವುದು ಎಂದು ನನ್ನ ಅಕ್ಕ, ರೊಟ್ಟಿ ಬಡಿಯಲು ಜಾಗ ಎಲ್ಲಿ ಎಂದು ಸುಮಿತ್ರಾಬಾಯಿ. ಆ ಅಡುಗೆಮನೆಯಲ್ಲಿ ಅಡುಗೆ ಮಾಡಬೇಕಾದ ಇಬ್ಬರನ್ನು ಇಬ್ಬರೂ ಕೇಳಲಿಲ್ಲ. ನೀರಿನ ಸದ್ದು ಮೊದಲು ಕೇಳಿಸಿದ್ದು ಹೊರಗೆ ನಿಂತ ನಿಶ್ಮಿತಾಗೆ.

"ವಿನೂ! ಬಾಲ್ಕನಿ!"

ಅವನು ಓಡಿದ. ನಲ್ಲಿ ತಿರುಗಿಸಿದ. ಅದು ಗರಗರ ಸುತ್ತಿತು. ನೀರು ಬೆಡ್‌ರೂಮಿಗೆ ಬಂತು. ಹೊಸ ಹಾಸಿಗೆ ಪ್ಲಾಸ್ಟಿಕ್ ಸಮೇತ ನೆಲದ ಮೇಲೇ ಇತ್ತು. ಪಕ್ಕದಲ್ಲಿ ಎರಡೆರಡು ಸಲ ಬಿಚ್ಚಿ ಜೋಡಿಸಿದ ಪ್ಲೈವುಡ್ ಕಪಾಟು.

"ಮೇನ್ ವಾಲ್ವ್ ಬಂದ್ ಮಾಡು! ಬಾತ್‌ರೂಮಿನ ಮೇಲೆ, ಲಾಫ್ಟ್‌ನೊಳಗೆ!"

"ಯಾವ ಲಾಫ್ಟ್? ಕಹಾಂ ಹೈ?"

ಒಳಗೆ ಹತ್ತಾರು ಜನ. ಒಬ್ಬರು ನಲ್ಲಿಗೆ ಕರ್ಚೀಫು ತುರುಕಿದರು. ಒಬ್ಬರು ವಿಡಿಯೊ ತೆಗೆದರು. (ಇಂಥವರು ಎಲ್ಲ ಕಡೆ ಒಬ್ಬರು ಇರುತ್ತಾರೆ.) ತಪ್ಪಿನ ಅರಿವಾದ ಕಾಕಾ ಕೈಗೆ ಸಿಕ್ಕಿದ ಪಾತ್ರೆ ಹಿಡಿದು ನೀರು ಮೊಗೆದು ಬಾಲ್ಕನಿಯಿಂದ ಹೊರಗೆ ಚೆಲ್ಲತೊಡಗಿದರು. ಸಿಕ್ಕಿದ ಪಾತ್ರೆ ಯಾವುದು ಗೊತ್ತೇ? ಆ ಹಿತ್ತಾಳೆಯ ಸೇರು! ಸುಮಿತ್ರಾಬಾಯಿ ನೋಡಿದರು. ಸೀರೆ ಎತ್ತಿ ಹಿಡಿದು ಹಿಂದೆ ಸರಿದರು.

ನೀರು ಹಾಲ್‌ಗೆ ಬಂತು. ಹೊಸ್ತಿಲ ಹತ್ತಿರ ಬಂತು. ಆಗ ಲಕ್ಷ್ಮಿಗೆ ಕರೆ ಬಂತು.

"ಏ ನಿಶ್ಮಿತಾ, ನಿಂತ ಏನ ನೋಡ್ತೀ? ಲಗೂನ ಬಾರವಾ, ಬಂದ್ ಮಾಡು ಬಾ!"

ಕರೆದವರು ಬೇರಾರೂ ಅಲ್ಲ, ಸುಮಿತ್ರಾಬಾಯಿಯೇ.

ನಿಶ್ಮಿತಾ ಒಳಗೆ ನುಗ್ಗಿದಳು. ಬಲಗಾಲೋ ಎಡಗಾಲೋ ಯಾರೂ ನೋಡಲಿಲ್ಲ. ಸ್ಟೂಲ್ ಎಳೆದಳು, ರೇಷ್ಮೆ ಕುರ್ತಾದಲ್ಲೇ ಲಾಫ್ಟ್‌ಗೆ ಅರ್ಧ ದೇಹ ತೂರಿಸಿದಳು, ವಾಲ್ವ್ ತಿರುಗಿಸಿದಳು. ನೀರು ನಿಂತಿತು. ಕೆಳಗಿಳಿದವಳೇ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿದಳು. ಪೋಛಾ ಬಟ್ಟೆ ಎಲ್ಲಿದೆ ಎಂದೂ ಅವಳಿಗೇ ಗೊತ್ತು. ತಂದಳು, ಬಗ್ಗಿ ನೆಲ ಒರೆಸಿದಳು. ನಾನೂ ಸೆರಗು ಸಿಕ್ಕಿಸಿ ಸೇರಿಕೊಂಡೆ. ಅತಿಥಿಗಳು ಸೋಫಾದ ಮೇಲೆ ಕಾಲು ಮೇಲೆತ್ತಿ ಕೂತು ಅಲ್ಲಿ ಇನ್ನೂ ಒದ್ದೆ ಇದೆ, ಇಲ್ಲಿ ಇನ್ನೂ ಒದ್ದೆ ಇದೆ ಎಂದು ತೋರಿಸಿಕೊಟ್ಟರು. ಅಷ್ಟರ ಮಟ್ಟಿಗೆ ಸಹಾಯ ಸಿಕ್ಕಿತು.

ಕಪಾಟಿನ ಬುಡ ಸ್ವಲ್ಪ ಉಬ್ಬಿತು. ಉಳಿದದ್ದು ಉಳಿಯಿತು. ನೆಲ ಒಣಗಿತು.

ಆಗ ಸುಮಿತ್ರಾಬಾಯಿ, ಅದೂ ಬಹಳ ಪ್ರೀತಿಯಿಂದಲೇ, ನಿಶ್ಮಿತಾಳ ಬೆನ್ನು ಸವರಿ ಹೇಳಿದರು: "ಶಾಣ್ಯಾಕಿ ಇದ್ದೀ ಬಿಡು. ಆತವಾ, ಈಗ ಹೊರಗ ನಡಿ. ಇದೇನ ಲೆಕ್ಕಕ್ಕ ಇಲ್ಲ. ಕೆಲಸಕ್ಕ ಬಂದದ್ದು ಬಂದಂಗಲ್ಲ. ಸೇರು ಒದ್ದ ಬರ್ತೀಯಲ್ಲ, ಅದ ಖರೇ ಬರೂದು."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುವುದನ್ನೇ ಮರೆತೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವರು ಕೆಟ್ಟ ಹೆಂಗಸಲ್ಲ. ಅವರ ಅತ್ತೆಯೂ ಅವರಿಗೆ ಹೀಗೇ ಹೇಳಿರಬಹುದು. ಆದರೆ ಒಂದು ಮನೆಯ ಸಂವಿಧಾನವೇ ಆ ಒಂದು ವಾಕ್ಯದಲ್ಲಿ ಇತ್ತಲ್ಲ?

ನಿಶ್ಮಿತಾ ಎದ್ದು ನಿಂತಳು. ಕೈಯನ್ನು ಕುರ್ತಾಗೇ ಒರೆಸಿಕೊಂಡಳು.

"ಆಯ್ತು ಆಂಟಿ, ಹೋಗ್ತೇನೆ. ಬಟ್ ವಿನೂ ಕೂಡ ಬರ್ಬೇಕು."

"ಅಂವಾ ಯಾಕ?"

"ಮನೆ ಇಬ್ರಿಗೂ ಹೊಸದು. ನಾನು ಹೊರಗೆ ಅಂದ್ರೆ ಅವ್ನೂ ಹೊರಗೆ. ಮದ್ವೆ ದಿನ ಇಬ್ರೂ ಒಟ್ಟಿಗೆ ಸೇರು ಒದ್ದು ಬರ್ತೇವೆ. ಇಲ್ಲಾಂದ್ರೆ..." ಕನ್ನಡ ಸಾಲದೆ ಅವಳು ಒಂದು ಕ್ಷಣ ತಡವರಿಸಿದಳು. "ಇಲ್ಲಾಂದ್ರೆ ಮದ್ವೆ ಹಾಲ್ ಕ್ಯಾನ್ಸಲ್ ಮಾಡುವ. ಮೈ ಸೀರಿಯಸ್ ಹೂಂ."

ನನ್ನ ಅಕ್ಕ, "ಅಯ್ಯೋ, ಎಂತ ಮಾತಾಡ್ತಿ ಮಗಾ!" ಎಂದು ಬಾಯಿಗೆ ಕೈಯಿಟ್ಟುಕೊಂಡಳು. ವಿಡಿಯೊ ತೆಗೆಯುತ್ತಿದ್ದವರು ಕೂಡ ಫೋನ್ ಕೆಳಗಿಳಿಸಿದರು. ನಿಶ್ಮಿತಾ ಯಾರ ಉತ್ತರಕ್ಕೂ ಕಾಯದೆ ಹೋಗಿ ಮ್ಯಾಟಿನ ಆಚೆ, ಮೊದಲಿದ್ದ ಜಾಗದಲ್ಲೇ ನಿಂತಳು. ಬೆನ್ನು ಮಾಡಿ ನಿಂತಳು.

ವಿನಾಯಕ ತಾಯಿಯ ಮುಖ ನೋಡಿದ. ಕಾಕಾನ ಮುಖ ನೋಡಿದ. ನನ್ನ ಮುಖವನ್ನೂ ನೋಡಿದ. ನಾನು ಬಟ್ಟೆ ಹಿಂಡಿದೆ. ಅವನ ಸಾಕ್ಸ್ ಪೂರ್ತಿ ಒದ್ದೆಯಾಗಿದ್ದವು. ಅವನು "ಅಡ್ಜಸ್ಟ್" ಎಂದು ಬಾಯಿ ತೆರೆದಿದ್ದರೆ ಆ ಒದ್ದೆ ಬಟ್ಟೆ ಎಲ್ಲಿಗೆ ಹೋಗುತ್ತಿತ್ತೋ ನಾನು ಹೇಳಲಾರೆ.

ಅವನು ಕಪಾಟಿನ ಉಬ್ಬಿದ ಬುಡವನ್ನು ಒಮ್ಮೆ ನೋಡಿದ. ಆಮೇಲೆ ಪಚ್ ಪಚ್ ಎಂದು ನಡೆಯುತ್ತ ಹೊಸ್ತಿಲು ದಾಟಿ ಅವಳ ಪಕ್ಕ ಹೋಗಿ ನಿಂತ. "ಅವ್ವಾ, ಆಕಿ ಹೇಳೂದು ಖರೇ ಅದ" ಎಂದ, ಅಲ್ಲಿಂದಲೇ. ಧ್ವನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. (ಚಪ್ಪಾಳೆ ತಟ್ಟಬೇಡಿ. ಇಷ್ಟು ಹೇಳಲು ಅವನಿಗೆ ಒಂದು ಮನೆ ಮುಳುಗಬೇಕಾಯಿತು.)

ನಿಶ್ಮಿತಾ ತಿರುಗಿ ಅವನನ್ನು ನೋಡಿದಳು. ಮದುವೆ ಉಳಿಯಿತು ಎಂದು ನನಗೆ ಆಗ ಗೊತ್ತಾಯಿತು. ನನ್ನ ಕಣ್ಣು ಒದ್ದೆಯಾದದ್ದನ್ನು ಮುಚ್ಚಿಡಲು ಸುಮ್ಮನೆ ಒಣಗಿದ ನೆಲವನ್ನೇ ಮತ್ತೊಮ್ಮೆ ಒರೆಸಿದೆ.

ಸುಮಿತ್ರಾಬಾಯಿ ಕಾಕಾನ ಕೈಯಿಂದ ಸೇರು ಇಸಿದುಕೊಂಡು, ಸೆರಗಿನಿಂದ ಒರೆಸಿ, ಚೀಲಕ್ಕೆ ಹಾಕಿದರು. ಆಮೇಲೆ ಸುತ್ತ ಕಣ್ಣಾಡಿಸಿದರು. ಪರದೆ ಅರ್ಧಕ್ಕೆ ನೇತಾಡುತ್ತಿತ್ತು, ನಲ್ಲಿ ರಿಪೇರಿಯಾಗಬೇಕಿತ್ತು, ಅಡುಗೆಮನೆಯ ಡಬ್ಬಿಗಳು ರಟ್ಟಿನ ಖೋಕಾದಲ್ಲೇ ಇದ್ದವು. ಹೊರಗೆ ಇಬ್ಬರು, ಒಳಗೆ ನಾವಿಷ್ಟು ಜನ. ಅವರ ಬಾಯಿಂದ ನಿಜವಾದ ಪ್ರಶ್ನೆ ಬಂತು:

"ಹಂಗಾದ್ರ ಇನ್ನ ಈ ಮನಿ ಕೆಲಸಾ ಯಾರ ಮಾಡೋರು?"

ಸೋಫಾದ ಮೇಲೆ ಕೂತವರೆಲ್ಲ ತಮ್ಮ ತಮ್ಮ ಮೊಬೈಲ್ ತೆಗೆದು ಟ್ರೇನಿನ ಟೈಮ್ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಹೊರಗಿನ ಚಪ್ಪಲಿ ರಾಶಿ ಕರಗಿತು.

ನನಗೆ ಉಳಿದದ್ದು ಒಂದೇ ಅನುಮಾನ. ಒಳಗಿಟ್ಟರೆ ಮನೆಗೇ ಶುಭ ತರುವಷ್ಟು ಶಕ್ತಿ ಆ ಹುಡುಗಿಯ ಬಲಗಾಲಿಗೆ ಇದ್ದರೆ, ನೆಲ ಒರೆಸುವಾಗ ಅದು ಯಾರ ಕಾಲಾಗಿತ್ತು?